ಹತ್ತೊಂಬತ್ತರ ಹುಡುಗ, ಪುಸ್ತಕ ಮುಚ್ಚಿದ ಕೈ: ಟೊಸ್ಕನೀನಿ ಕತೆ ಎಷ್ಟು ನಿಜ?

ಪ್ರಶ್ನೆ: ನಾವು ಮೈಸೂರಿನವರು. ಮಗಳು ಪಾಶ್ಚಾತ್ಯ ಪಿಟೀಲು ಕಲಿಯುತ್ತಿದ್ದಾಳೆ. ಟೊಸ್ಕನೀನಿ ಎಂಬ ಇಟಲಿಯ ಕಂಡಕ್ಟರ್ (ಕೋಲು ಹಿಡಿದು ವಾದ್ಯಗುಂಪನ್ನು ನಡೆಸುವವರು) ಬಗ್ಗೆ ಅವಳ ಟೀಚರ್ ಒಂದು ಕತೆ ಹೇಳಿದರಂತೆ. ಬ್ರೆಜಿಲ್‌ನಲ್ಲಿ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಶುರುವಾಗುವ ಹೊತ್ತಿಗೆ ದೊಡ್ಡ ಗಲಾಟೆಯಾಯಿತಂತೆ. ಆಗ ವಾದ್ಯ ನುಡಿಸುತ್ತಿದ್ದ ಹತ್ತೊಂಬತ್ತು ವರ್ಷದ ಹುಡುಗ ಎದ್ದು ಬಂದು, ಪುಸ್ತಕ ನೋಡದೆ ಇಡೀ ಒಪೆರಾ ನಡೆಸಿಕೊಟ್ಟನಂತೆ. ಇದು ನಿಜವೋ, ಸಿನಿಮಾ ಕತೆಯೋ? ಒಪೆರಾ ಹುಟ್ಟಿದ ದೇಶದವರು ಕೆಲಸಕ್ಕೆ ಬೇರೆ ದೇಶಕ್ಕೆ ಯಾಕೆ ಹೋಗಬೇಕಿತ್ತು? ಕೊನೆಯದಾಗಿ, ತಪ್ಪು ತಿಳಿಯಬೇಡಿ, ಕೋಲು ಆಡಿಸುವವರಿಗೆ ಇಷ್ಟು ದೊಡ್ಡ ಹೆಸರು ಯಾಕೆ?

ಉತ್ತರ: ಕತೆ ನಿಜ. ದಿನಾಂಕವೂ ಇದೆ. 1886ರ ಜೂನ್ 30, ರಿಯೊ ಡಿ ಜನೈರೊ. ಒಪೆರಾ ಇಟಲಿಯ ಸಂಯೋಜಕ ವೆರ್ಡಿಯವರ ‘ಐದಾ’. ಆದರೆ ಇದನ್ನು ಹೇಳುವವರು ಸಾಮಾನ್ಯವಾಗಿ ಮೊದಲ ಅರ್ಧ ಬಿಟ್ಟುಬಿಡುತ್ತಾರೆ. ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಇರುವುದು ಆ ಅರ್ಧದಲ್ಲೇ.

ಆರ್ಟುರೊ ಟೊಸ್ಕನೀನಿ ಹುಟ್ಟಿದ್ದು 1867ರಲ್ಲಿ, ಪಾರ್ಮಾ ಊರಿನಲ್ಲಿ. ಅಪ್ಪ ದರ್ಜಿ. ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಗಾರಿಬಾಲ್ಡಿಯ ಹಿಂದೆ ಯುದ್ಧಕ್ಕೆ ಹೋಗಿ ಬಂದವರು, ಹೊಲಿಗೆಗಿಂತ ಆ ಮಾತುಗಳಲ್ಲೇ ಅವರಿಗೆ ಆಸಕ್ತಿ ಜಾಸ್ತಿ. ಹುಡುಗ ಒಂಬತ್ತನೇ ವಯಸ್ಸಿಗೆ ಊರಿನ ಸಂಗೀತ ಶಾಲೆ ಸೇರಿದ, ಅಲ್ಲೇ ಉಳಿದು ಕಲಿತ. ಅವನಿಗೆ ಕೊಟ್ಟ ವಾದ್ಯ ಚೆಲ್ಲೊ, ಕೂತು ನುಡಿಸುವ ದೊಡ್ಡ ಪಿಟೀಲು. 1885ರಲ್ಲಿ ಓದು ಮುಗಿಯಿತು. ಮರುವರ್ಷ ದಕ್ಷಿಣ ಅಮೆರಿಕಕ್ಕೆ ಹೊರಟಿದ್ದ ಒಂದು ಒಪೆರಾ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಚೆಲ್ಲೊ ಸಾಲಿನಲ್ಲಿ ಮೊದಲ ಕುರ್ಚಿ, ಜೊತೆಗೆ ಮೇಳದವರಿಗೆ (ಗುಂಪಾಗಿ ಹಾಡುವವರಿಗೆ) ಹಾಡು ಕಲಿಸುವ ಸಹಾಯಕನ ಕೆಲಸ.

ಈ ಎರಡನೇ ಕೆಲಸ ಗಮನಿಸಿ. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಆ ದಿನಗಳಲ್ಲಿ ಹುಡುಗ ಪಿಯಾನೊ ಮುಂದೆ ಕೂತು ಗಾಯಕರಿಗೆ ಅವರವರ ಭಾಗ ಹೇಳಿಕೊಡುತ್ತಿದ್ದ. ಯಾರಿಗೆ ಎಲ್ಲಿ ಉಸಿರು ಸಾಲುವುದಿಲ್ಲ, ಯಾರು ಎಲ್ಲಿ ಶ್ರುತಿ ಇಳಿಸುತ್ತಾರೆ, ಯಾರಿಗೆ ಸಾಲು ಮರೆಯುತ್ತದೆ, ಎಲ್ಲ ಅವನಿಗೆ ಗೊತ್ತಾಗಿತ್ತು. ಅವನು ಅದನ್ನೆಲ್ಲ ಪುಸ್ತಕ ನೋಡದೆ ನುಡಿಸುತ್ತಾನೆ ಅನ್ನುವುದು ಗಾಯಕರಿಗೂ ಗೊತ್ತಾಗಿತ್ತು.

ರಿಯೊದಲ್ಲಿ ಕಂಪನಿಗೆ ಒಬ್ಬ ಸ್ಥಳೀಯ ಕಂಡಕ್ಟರ್ ಇದ್ದರು, ಲಿಯೊಪೊಲ್ಡೊ ಮಿಗೆಸ್. ವಾದ್ಯದವರಿಗೂ ಅವರಿಗೂ ಸರಿಬರಲಿಲ್ಲ. ‘ಐದಾ’ ಹೊತ್ತಿಗೆ ಅವರು ಕೆಲಸ ಬಿಟ್ಟು, ಇಟಲಿಯವರದ್ದೇ ತಪ್ಪು ಅಂತ ಪತ್ರಿಕೆಗೆ ಪತ್ರ ಬರೆದರು. ಊರಿನವರಿಗೆ ಸಿಟ್ಟು ಬಂತು. ನಮ್ಮವನನ್ನು ಓಡಿಸಿದರಲ್ಲ ಅಂತ. ಸಂಜೆ ಬದಲಿ ಕಂಡಕ್ಟರ್ ಬಂದು ನಿಂತರೆ ಶಿಳ್ಳೆ, ಕೂಗು. ಅವರು ಇಳಿದು ಹೋದರು. ಮೇಳ ಕಲಿಸುವ ಮಾಸ್ತರು ಹತ್ತಿದರು, ಅವರಿಗೂ ಅದೇ ಪೂಜೆ. ಟಿಕೆಟ್ ದುಡ್ಡು ವಾಪಸ್ ಕೊಡಬೇಕಾದರೆ ಕಂಪನಿ ಮುಳುಗುತ್ತಿತ್ತು. ಪರದೇಶದಲ್ಲಿ ಅಷ್ಟೂ ಜನ ಬೀದಿಗೆ ಬೀಳುತ್ತಿದ್ದರು. ಆಗ ಕಲಾವಿದರೇ ಆ ಹುಡುಗನ ಹೆಸರು ಹೇಳಿ ಮುಂದಕ್ಕೆ ತಳ್ಳಿದರು. ಅವನು ಹತ್ತಿ ನಿಂತ. ಮುಂದಿದ್ದ ಸ್ಕೋರ್, ಅಂದರೆ ಎಲ್ಲರ ಸ್ವರ ಬರೆದ ಪುಸ್ತಕ, ಮುಚ್ಚಿಟ್ಟ. ಶುರು ಮಾಡಿಯೇಬಿಟ್ಟ.

ಜನ ಯಾಕೆ ಸುಮ್ಮನಾದರು? ಬಹುಶಃ ಮೀಸೆ ಚಿಗುರುತ್ತಿದ್ದ ಹುಡುಗನನ್ನು ನೋಡಿದ ಆಶ್ಚರ್ಯಕ್ಕೆ. ಅಂಕ ಮುಗಿಯುವಷ್ಟರಲ್ಲಿ ಚಪ್ಪಾಳೆ. ಆ ಸೀಸನ್‌ನ ಉಳಿದ ಒಪೆರಾಗಳನ್ನೆಲ್ಲ ಅವನಿಗೇ ಒಪ್ಪಿಸಿದರು.

ಹಾಗಾಗಿ ಇದನ್ನು ಪವಾಡ ಅಂತ ಮಗಳಿಗೆ ಹೇಳಬೇಡಿ. ಅದೃಷ್ಟ ಬಂದಿದ್ದು ಆ ಸಂಜೆ ನಿಜ. ಆದರೆ ಅಷ್ಟು ಹೊತ್ತಿಗೆ ಆ ‘ಐದಾ’ವನ್ನು ಕಂಪನಿಯಲ್ಲಿ ಅವನಷ್ಟು ತಿಳಿದವರು ಇನ್ನೊಬ್ಬರು ಇರಲಿಲ್ಲ. ನೆನಪಿಗೂ ಒಂದು ಕಾರಣ ಇತ್ತು. ಅವನಿಗೆ ದೂರದ್ದು ಕಾಣುತ್ತಿರಲಿಲ್ಲ. ನಿಂತುಕೊಂಡು ಮುಂದಿನ ಸ್ಟ್ಯಾಂಡ್ ಮೇಲಿನ ಸಣ್ಣ ಸ್ವರಾಕ್ಷರ ಓದುವುದು ಕಷ್ಟ. ಮುಂದೆ ಎಂಬತ್ತು ದಾಟಿದ ಮೇಲೂ ಅವರು ವೇದಿಕೆಯಲ್ಲಿ ಪುಸ್ತಕ ತೆರೆಯಲಿಲ್ಲ. ಮನೆಯಲ್ಲಿ ಅದನ್ನು ಮೂಗಿಗೆ ತಾಗುವ ಹಾಗೆ ಹಿಡಿದು ಓದಿ ಬರುತ್ತಿದ್ದರು.

ಈ ಕತೆಯಲ್ಲಿ ನನಗೆ ತುಂಬ ಇಷ್ಟವಾಗುವುದು ಆಮೇಲಿನ ಭಾಗ. ಆ ಕಂಪನಿಯಲ್ಲಿ ಫಿಗ್ನರ್ ಎಂಬ ರಷ್ಯಾದ ಗಾಯಕ ಇದ್ದರು. ಇಟಲಿಗೆ ಮರಳಿದ ಮೇಲೆ ಅವರು ಹುಡುಗನನ್ನು ಮಿಲಾನ್‌ನ ಪ್ರಕಾಶಕರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಕತಲಾನಿ ಎಂಬ ಸಂಯೋಜಕರ ಪರಿಚಯವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಟುರಿನ್‌ನಲ್ಲಿ ಕತಲಾನಿಯವರ ‘ಎಡ್ಮೆಯಾ’ ನಡೆಸಿಕೊಡುವ ಅವಕಾಶ ಸಿಕ್ಕಿತು. ಅಂದರೆ ತಾಯ್ನಾಡಿನ ಬಾಗಿಲು ತೆರೆದದ್ದು ಪರದೇಶದ ಪರಿಚಯದಿಂದ. ಈ ಋಣ ಟೊಸ್ಕನೀನಿ ಮರೆಯಲಿಲ್ಲ. ಮಕ್ಕಳಿಗೆ ವಾಲ್ಟರ್, ವಾಲಿ ಅಂತ ಹೆಸರಿಟ್ಟರು. ಎರಡೂ ಕತಲಾನಿಯವರ ಒಪೆರಾಗಳ ಪಾತ್ರಗಳು.

ಇಷ್ಟಾದ ಮೇಲೆ ಬೇರೆಯವರಾದರೆ ಚೆಲ್ಲೊವನ್ನು ಅಟ್ಟಕ್ಕೆ ಹಾಕುತ್ತಿದ್ದರು. ಇವರು 1887ರ ಫೆಬ್ರವರಿಯಲ್ಲಿ ಮಿಲಾನ್‌ನ ಲಾ ಸ್ಕಾಲಾ ಥಿಯೇಟರಿಗೆ ಹೋಗಿ, ಚೆಲ್ಲೊ ಸಾಲಿನಲ್ಲಿ ಎರಡನೆಯವರಾಗಿ ಕೂತರು. ವೆರ್ಡಿಯವರ ‘ಒಥೆಲೊ’ ಮೊದಲ ಪ್ರದರ್ಶನ. ಎಪ್ಪತ್ತಮೂರರ ವೆರ್ಡಿ ತಾಲೀಮಿಗೆ ತಾವೇ ಬರುತ್ತಿದ್ದರು. ಅವರು ಏನು ತಿದ್ದುತ್ತಾರೆ ಅಂತ ಹತ್ತಿರದಿಂದ ಕೇಳುವುದೇ ಇವರ ಆಸೆ. ಪ್ರದರ್ಶನ ಮುಗಿದು ಊರಿಗೆ ಹೋದವರು ಅಮ್ಮನನ್ನು ಎಬ್ಬಿಸಿ, ವೆರ್ಡಿ ದೊಡ್ಡವರು, ಮಂಡಿಯೂರು ಅಂದರಂತೆ. ಇದು ಮನೆಯವರು ಹೇಳುತ್ತಾ ಬಂದ ಕತೆ.

ಈಗ ಎರಡನೇ ಪ್ರಶ್ನೆ. ಇಟಲಿಯವರು ಹೊರಗೆ ಯಾಕೆ ಹೋದರು?

ಕೆಲಸ ಇಲ್ಲದೆ ಹೋದರು ಅನ್ನುವುದಕ್ಕಿಂತ ಹೊರಗೆ ಕೆಲಸ ಕಾಯುತ್ತಿತ್ತು ಅನ್ನುವುದೇ ಸರಿ. ಹತ್ತೊಂಬತ್ತನೇ ಶತಮಾನದಲ್ಲಿ ಒಪೆರಾ ಅಂದರೆ ಇಟಲಿ ಭಾಷೆ ಅನ್ನುವ ಹಾಗಿತ್ತು. ಲಂಡನ್ನಿನ ಕೊವೆಂಟ್ ಗಾರ್ಡನ್ ಥಿಯೇಟರಿಗೆ 1892ರವರೆಗೂ ಇದ್ದ ಹೆಸರೇ ರಾಯಲ್ ಇಟಾಲಿಯನ್ ಒಪೆರಾ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ 1883ರಲ್ಲಿ ಶುರುವಾದಾಗ ಮೊದಲ ರಾತ್ರಿ ಹಾಡಿದ್ದು ಗೂನೊ ಅವರ ‘ಫೌಸ್ಟ್’. ಬರೆದವರು ಫ್ರೆಂಚರು, ಕತೆ ಜರ್ಮನ್ನರದ್ದು, ಕೇಳುವವರು ಅಮೆರಿಕದವರು. ಹಾಡಿದ್ದು ಮಾತ್ರ ಇಟಾಲಿಯನ್‌ನಲ್ಲಿ! ಅಂಥ ಕಡೆ ಇಟಲಿಯ ಕಂಡಕ್ಟರ್ ಬೇಕೇ ಬೇಕು, ಅಲ್ವಾ?

ಈ ದಾರಿ ಟೊಸ್ಕನೀನಿಗಿಂತ ತುಂಬ ಹಳೆಯದು. ನೇಪಲ್ಸ್‌ನ ಮಿಕೆಲೆ ಕೋಸ್ತಾ ಇಪ್ಪತ್ತೊಂದು ವರ್ಷ ವಯಸ್ಸಿಗೆ, 1829ರಲ್ಲಿ, ಇಂಗ್ಲೆಂಡಿಗೆ ಬಂದರು. ಅಲ್ಲೇ ನೆಲೆಸಿದರು. ಲಂಡನ್ನಿನ ವಾದ್ಯದವರಿಗೆ ಶಿಸ್ತು ಕಲಿಸಿದವರು ಅಂತ ಹೆಸರಾದರು. 1869ರಲ್ಲಿ ರಾಣಿಯಿಂದ ಸರ್ ಪದವಿ ಪಡೆದು ಸರ್ ಮೈಕೆಲ್ ಕೋಸ್ತಾ ಆದರು.

ಇನ್ನೊಂದು ಕಾರಣ ಪಂಚಾಂಗದ್ದು. ಇಟಲಿಯ ದೊಡ್ಡ ಥಿಯೇಟರುಗಳ ಸೀಸನ್ ಶುರುವಾಗುತ್ತಿದ್ದದ್ದು ಡಿಸೆಂಬರ್ 26ಕ್ಕೆ. ಚಳಿಗಾಲ ಕಳೆದು ಬೇಸಿಗೆ ಬಂದರೆ ಬಾಗಿಲು ಬಂದ್. ಅದೇ ಹೊತ್ತಿಗೆ ಭೂಮಿಯ ಆ ಬದಿಯಲ್ಲಿ ಚಳಿಗಾಲ. ಬ್ಯೂನಸ್ ಐರಿಸ್‌ನಲ್ಲಿ ದನದ ಮಾಂಸ, ಗೋಧಿ ಮಾರಿ ದುಡ್ಡು ಮಾಡಿದವರು ಒಪೆರಾಕ್ಕೆ ಕಾದಿದ್ದಾರೆ. ಇಟಲಿಯಿಂದ ವಲಸೆ ಬಂದವರಂತೂ ಲಕ್ಷಗಟ್ಟಲೆ. ಹೀಗಾಗಿ ಗಾಯಕರು, ವಾದ್ಯದವರು, ಮೇಳದವರು, ಬಟ್ಟೆಬರೆ, ಪರದೆ ಎಲ್ಲ ಹಡಗು ಹತ್ತುತ್ತಿದ್ದವು. ನಮ್ಮ ಕರಾವಳಿಯ ಯಕ್ಷಗಾನ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿ, ಮಳೆಗಾಲದಲ್ಲಿ ಕಲಾವಿದರು ಮುಂಬೈಗೋ ಬೆಂಗಳೂರಿಗೋ ಆಟಕ್ಕೆ ಹೋಗುತ್ತಾರಲ್ಲ, ಹಾಗೆಯೇ. ದೂರ ಮಾತ್ರ ಜಾಸ್ತಿ.

ಟೊಸ್ಕನೀನಿ 1901, 1903, 1904, 1906ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕೆಲಸ ಮಾಡಿದರು. 1904ರ ಸಂಗತಿ ಒಂದಿದೆ. ಆ ವರ್ಷ ಫೆಬ್ರವರಿಯಲ್ಲಿ ಇಟಲಿಯ ಸಂಯೋಜಕ ಪುಚೀನಿಯವರ ಒಪೆರಾ ‘ಮದಾಮಾ ಬಟರ್‌ಫ್ಲೈ’ ಮಿಲಾನ್‌ನಲ್ಲಿ ಮೊದಲ ರಾತ್ರಿಯೇ ನೆಲಕಚ್ಚಿತ್ತು. ಪುಚೀನಿ ಅದನ್ನು ತಿದ್ದಿದರು. ಕೆಲವೇ ತಿಂಗಳಲ್ಲಿ ಅದು ಬ್ಯೂನಸ್ ಐರಿಸ್ ತಲುಪಿತು. ನಡೆಸಿದ್ದು ಟೊಸ್ಕನೀನಿ. ಮಿಲಾನ್‌ನಲ್ಲಿ ಅದನ್ನು ನಡೆಸಿ ಆ ಸೋಲು ಕಂಡವರು ಕ್ಲಿಯೊಫೊಂತೆ ಕಂಪನೀನಿ. ಅವರೂ ಪಾರ್ಮಾದವರೇ. ಈ ಹೆಸರು ನೆನಪಿರಲಿ, ಇನ್ನೊಮ್ಮೆ ಬರುತ್ತದೆ.

ಈ ತಿರುಗಾಟಕ್ಕೆ ಬೆಲೆಯೂ ಇತ್ತು. 1906ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಟೊಸ್ಕನೀನಿಯವರ ಪುಟ್ಟ ಮಗ ಜೋರ್ಜೊ ಗಂಟಲಮಾರಿಗೆ ತುತ್ತಾದ.

ಈ ನಡುವೆ ಮಿಲಾನ್‌ನ ಲಾ ಸ್ಕಾಲಾದಲ್ಲಿ ಅವರು 1898ರಿಂದ ಮುಖ್ಯಸ್ಥರಾಗಿದ್ದರು. ಅಲ್ಲಿ ಅವರು ತಂದ ನಿಯಮಗಳು ಈಗ ಕೇಳಿದರೆ ಸಾಮಾನ್ಯ ಅನ್ನಿಸುತ್ತವೆ. ಆಟದ ಹೊತ್ತಿನಲ್ಲಿ ಪ್ರೇಕ್ಷಕರ ಕಡೆ ದೀಪ ಆರಿಸಬೇಕು. ಹೆಂಗಸರು ಅಗಲ ಟೋಪಿ ತೆಗೆಯಬೇಕು. ಮತ್ತೆ, ‘ಒನ್ಸ್ ಮೋರ್’ ಇಲ್ಲ.

ಕೊನೆಯದಕ್ಕೆ ದೊಡ್ಡ ಜಗಳವೇ ಆಯಿತು. ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದು ಅರ್ಥವಾಗುತ್ತದೆ. ಸಾಯುತ್ತಾ ಬಿದ್ದ ಪಾತ್ರ ಒನ್ಸ್ ಮೋರ್ ಕೂಗಿಗೆ ಎದ್ದು ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದ ಕಾಲ ನಮ್ಮಲ್ಲೂ ಇತ್ತು. ಇಟಲಿಯಲ್ಲೂ ಅದೇ ಚಾಳಿ. ಪ್ರೇಕ್ಷಕರಿಗೆ ಅದು ಹಕ್ಕು, ಗಾಯಕರಿಗೆ ಮರ್ಯಾದೆ. ಟೊಸ್ಕನೀನಿಗೆ ಮಾತ್ರ ಅದು ಕತೆಯ ಕುತ್ತಿಗೆ ಹಿಸುಕಿದ ಹಾಗೆ. 1903ರಲ್ಲಿ ಒಂದು ರಾತ್ರಿ ಜನ ಒನ್ಸ್ ಮೋರ್ ಹಟ ಹಿಡಿದು ಗದ್ದಲ ಎಬ್ಬಿಸಿದಾಗ ಅವರು ಥಿಯೇಟರ್ ಬಿಟ್ಟು ಹೊರಟೇಬಿಟ್ಟರು. ವಾಪಸ್ ಬಂದದ್ದು ಮೂರು ವರ್ಷದ ಮೇಲೆ.

ಟೊಸ್ಕನೀನಿಯವರನ್ನು ಅರ್ಥಮಾಡಿಕೊಳ್ಳಲು ನಾನು ಒಂದು ಸುಲಭ ದಾರಿ ಹಿಡಿಯುತ್ತೇನೆ. ಅವರು ಎಲ್ಲೆಲ್ಲಿ ಕೆಲಸ ಬಿಟ್ಟರು ಅಂತ ಸಾಲಾಗಿ ನೋಡುತ್ತೇನೆ. ಹೊರದೇಶದಲ್ಲಿ ಕೆಲಸ ಮಾಡುವವನಿಗೆ ಒಂದು ಅನುಕೂಲ ಇದೆ. ಅವನ ಪೆಟ್ಟಿಗೆ ಯಾವಾಗಲೂ ಕಟ್ಟಿಯೇ ಇರುತ್ತದೆ. ಮಿಲಾನ್ ಬೇಡವಾದರೆ ಬ್ಯೂನಸ್ ಐರಿಸ್, ಅದೂ ಬೇಡವಾದರೆ ನ್ಯೂಯಾರ್ಕ್. ಇದನ್ನು ಅವರಷ್ಟು ಚೆನ್ನಾಗಿ ಬಳಸಿಕೊಂಡವರು ಕಡಿಮೆ.

1908ರಲ್ಲಿ ಲಾ ಸ್ಕಾಲಾದ ಮ್ಯಾನೇಜರ್ ಗಟ್ಟಿ-ಕಸಾತ್ಸಾ ಅವರನ್ನು ನ್ಯೂಯಾರ್ಕಿನ ಮೆಟ್ (ಮೆಟ್ರೊಪಾಲಿಟನ್ ಒಪೆರಾ) ಕರೆಯಿತು. ಅವರ ಜೊತೆ ಟೊಸ್ಕನೀನಿಯೂ ಹೋದರು. ನವೆಂಬರ್ 16ರಂದು ಮೊದಲ ಪ್ರದರ್ಶನ. ಯಾವುದು ಹೇಳಿ? ಮತ್ತೆ ‘ಐದಾ’. ಈ ಸಲ ಹಾಡಿದ್ದು ಇಟಲಿಯ ಹೆಸರಾಂತ ಗಾಯಕ ಕರೂಸೊ.

ಆ ಚಳಿಗಾಲದಲ್ಲಿ ನ್ಯೂಯಾರ್ಕಿನ ಒಪೆರಾ ಪ್ರಿಯರಿಗೆ ಹಬ್ಬ. ಮೆಟ್‌ನಲ್ಲಿ ಟೊಸ್ಕನೀನಿ. ಕೆಲವೇ ಬೀದಿ ಆಚೆ, ಪೈಪೋಟಿಗೆ ನಿಂತ ಮ್ಯಾನ್‌ಹಟನ್ ಒಪೆರಾದಲ್ಲಿ ಕಂಪನೀನಿ. ಹಡಗಿನಲ್ಲಿ ಬಂದ ಇಬ್ಬರು ಪಾರ್ಮಾದವರು ಒಂದು ಮಹಾನಗರದ ಎರಡು ಒಪೆರಾಗಳನ್ನು ಎದುರುಬದುರು ನಡೆಸುತ್ತಿದ್ದರು. ಸಾಲದ್ದಕ್ಕೆ ಮೆಟ್‌ನಲ್ಲಿ ಸಂಯೋಜಕ, ಕಂಡಕ್ಟರ್ ಗುಸ್ತಾವ್ ಮಾಹ್ಲರ್ ಕೂಡ ಇದ್ದರು. ಜರ್ಮನ್ ಸಂಯೋಜಕ ವಾಗ್ನರ್ ಅವರ ಒಪೆರಾ ‘ಟ್ರಿಸ್ಟಾನ್’ ಯಾರು ನಡೆಸಬೇಕು ಅನ್ನುವ ವಿಷಯಕ್ಕೆ ಇಬ್ಬರ ನಡುವೆ ಜಟಾಪಟಿ ಆಯಿತು. ಆ ಸೀಸನ್‌ಗೆ ಮಾಹ್ಲರ್ ಬಿಟ್ಟುಕೊಡಲಿಲ್ಲ. ಮರುವರ್ಷ ಅದು ಟೊಸ್ಕನೀನಿ ಕೈಗೆ ಬಂತು.

1910ರ ಡಿಸೆಂಬರ್ 10ರಂದು ಪುಚೀನಿಯವರ ‘ಲಾ ಫಂಚುಲ್ಲಾ ದೆಲ್ ವೆಸ್ಟ್’ ಅಲ್ಲಿ ತೆರೆ ಕಂಡಿತು. ಕ್ಯಾಲಿಫೋರ್ನಿಯಾದ ಚಿನ್ನದ ಗಣಿ ಕೂಲಿಗಳ ಕತೆ. ಇಟಲಿಯ ಹೊಸ ಒಪೆರಾ ಒಂದು ಮೊದಲು ಅಮೆರಿಕದಲ್ಲಿ ಬೆಳಕು ಕಂಡಿತು. ಮೆಟ್‌ಗೂ ಅದೇ ಮೊದಲ ವಿಶ್ವಪ್ರದರ್ಶನ. ಪುಚೀನಿ ಸ್ವತಃ ಬಂದಿದ್ದರು. ಹದಿನಾಲ್ಕು ವರ್ಷ ಹಿಂದೆ, 1896ರ ಫೆಬ್ರವರಿ 1ರಂದು ಟುರಿನ್‌ನಲ್ಲಿ ಅವರ ‘ಲಾ ಬೊಹೆಮ್’ ಮೊದಲ ಸಲ ನಡೆಸಿದ್ದೂ ಟೊಸ್ಕನೀನಿಯೇ.

ಇನ್ನು ನಿಮ್ಮ ‘ಕೋಲು ಆಡಿಸುವ’ ಪ್ರಶ್ನೆ. ತಪ್ಪೇನೂ ತಿಳಿದಿಲ್ಲ, ಎಲ್ಲರೂ ಕೇಳುತ್ತಾರೆ.

ಒಪೆರಾದಲ್ಲಿ ವಾದ್ಯದವರು ವೇದಿಕೆ ಮುಂದಿನ ಹಳ್ಳದಲ್ಲಿ ಕೂತಿರುತ್ತಾರೆ. ಅರವತ್ತು, ಎಪ್ಪತ್ತು ಜನ, ಕೆಲವೊಮ್ಮೆ ಇನ್ನೂ ಜಾಸ್ತಿ. (ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾ ಇಲ್ಲಿ ಮನಸ್ಸಿಗೆ ತಂದುಕೊಳ್ಳಬೇಡಿ. ಮೈಕು ಇಲ್ಲ.) ಗಾಯಕರು ಮೇಲೆ, ಮೇಳದವರು ಅವರ ಹಿಂದೆ. ಕೆಲವೊಮ್ಮೆ ಪರದೆಯ ಮರೆಯಲ್ಲಿ ಇನ್ನೊಂದು ವಾದ್ಯಗುಂಪು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 17 ಮೀಟರ್ ಹಿಂದೆ ನಿಂತವರಿಗೆ ಹಳ್ಳದ ವಾದ್ಯ ಸೆಕೆಂಡಿನ ಇಪ್ಪತ್ತನೇ ಒಂದು ಪಾಲು ತಡವಾಗಿ ಕೇಳುತ್ತದೆ. ಅವರು ಕಿವಿ ನಂಬಿ ಹಾಡಿದರೆ ಆ ಹಾಡು ಸಭೆಗೆ ತಲುಪುವಾಗ ತಡ ಎರಡರಷ್ಟು. ತಾಳ ಹೋಯಿತು. ಅದಕ್ಕೇ ಎಲ್ಲರೂ ಒಂದೇ ಕೋಲು ನೋಡಬೇಕು. ಕೋಲು ಹಿಡಿದವರು ಗಾಯಕರ ಎದೆ ನೋಡುತ್ತಿರಬೇಕು. ಈ ರಾತ್ರಿ ಅವರಿಗೆ ಉಸಿರು ಎಷ್ಟಿದೆ, ಈ ಸ್ವರ ಎಳೆಯುತ್ತಾರೋ ಬಿಡುತ್ತಾರೋ, ಅದಕ್ಕೆ ತಕ್ಕ ಹಾಗೆ ಅಷ್ಟು ಜನರನ್ನು ಹಿಡಿದು ನಿಲ್ಲಿಸಬೇಕು, ಇಲ್ಲವೇ ಓಡಿಸಬೇಕು. ಯಕ್ಷಗಾನದಲ್ಲಿ ಭಾಗವತರನ್ನು ಮೊದಲನೇ ವೇಷ ಅನ್ನುತ್ತಾರಲ್ಲ. ವೇಷ ಕಟ್ಟದಿದ್ದರೂ ಆಟ ಅವರ ಕೈಯಲ್ಲಿ. ಒಪೆರಾದ ಕಂಡಕ್ಟರ್ ಅಂದರೆ ಅದೇ, ಬಾಯಿ ಬಿಟ್ಟು ಹಾಡುವ ಹಾಗಿಲ್ಲ ಅಷ್ಟೆ.

ಆದರೆ ಇದು ಪ್ರದರ್ಶನದ ರಾತ್ರಿಯ ಮಾತು. ನಿಜವಾದ ಕೆಲಸ ಅದಕ್ಕೆ ಮೊದಲಿನದು. ಒಬ್ಬೊಬ್ಬ ಗಾಯಕರ ಜೊತೆ ಪಿಯಾನೊ ಮುಂದೆ. ಆಮೇಲೆ ಗಾಯಕರೆಲ್ಲ ಒಟ್ಟಿಗೆ. ವಾದ್ಯದವರು ಬೇರೆಯಾಗಿ. ಮೇಳ ಬೇರೆಯಾಗಿ. ಆಮೇಲೆ ಎಲ್ಲರೂ ಕೂತು, ಆಮೇಲೆ ಎದ್ದು ನಡೆದಾಡಿ, ಕೊನೆಗೆ ಬಣ್ಣ ಬಟ್ಟೆಯ ಜೊತೆ. ಇದಕ್ಕೆಲ್ಲ ದಿನ ಬೇಕು, ದಿನಕ್ಕೆ ದುಡ್ಡು ಬೇಕು. ಟೊಸ್ಕನೀನಿ ಥಿಯೇಟರುಗಳ ಜೊತೆ ಮಾಡಿದ ಜಗಳಗಳಲ್ಲಿ ಮುಕ್ಕಾಲು ಪಾಲು ಇದಕ್ಕೇ. ಇನ್ನೆರಡು ತಾಲೀಮು ಕೊಡಿ. ಮೆಟ್‌ನಲ್ಲಿ ದುಡ್ಡು ಉಳಿಸುವ ಮಾತು ಶುರುವಾಯಿತು, ಪ್ರದರ್ಶನಗಳು ಸಡಿಲವಾದವು. 1915ರಲ್ಲಿ ಅವರು ಬಿಟ್ಟು ಹೊರಟರು. ಗಾಯಕಿ ಜೆರಾಲ್ಡಿನ್ ಫೆರಾರ್ ಜೊತೆಗಿನ ಪ್ರೇಮ ಪ್ರಕರಣ ಬಿಗಡಾಯಿಸಿದ್ದೂ ಒಂದು ಕಾರಣ. ಮೆಟ್ ಮತ್ತೆ ಕರೆದರೂ ಅಲ್ಲಿ ಒಪೆರಾ ನಡೆಸಲು ಹೋಗಲಿಲ್ಲ.

ಫೆರಾರ್ ಹೆಸರು ಬಂದ ಮೇಲೆ ಒಂದು ಪ್ರಸಿದ್ಧ ಕತೆ ಹೇಳಲೇಬೇಕು. ತಾಲೀಮಿನಲ್ಲಿ ಆಕೆ, ನಾನು ಸ್ಟಾರ್, ನೀವು ನನ್ನನ್ನು ಅನುಸರಿಸಬೇಕು ಅಂದರಂತೆ. ನಕ್ಷತ್ರ ಇರುವುದು ಆಕಾಶದಲ್ಲಿ ಮಾತ್ರ ಅಂತ ಇವರು ಅಂದರಂತೆ. ನಡೆದದ್ದು ಹೀಗೇ ಅಂತ ಆಣೆ ಇಡಲಾರೆ. ಅವರ ಸ್ವಭಾವ ಮಾತ್ರ ಹೀಗೇ ಇತ್ತು.

ಸ್ವಭಾವದ ಬಗ್ಗೆ ಇನ್ನೊಂದು ಮಾತು, ಯಾಕೆಂದರೆ ಮಗಳು ಇದನ್ನೂ ತಿಳಿದಿರಬೇಕು. ಅವರು ತಾಲೀಮಿನಲ್ಲಿ ಕಿರುಚುತ್ತಿದ್ದರು, ಬೈಯುತ್ತಿದ್ದರು, ಕೋಲು ಮುರಿಯುತ್ತಿದ್ದರು. ಆ ತಾಲೀಮುಗಳ ಧ್ವನಿಮುದ್ರಣ ಈಗಲೂ ಸಿಗುತ್ತದೆ. ಕೆಲವರು ಅದನ್ನು ಕೇಳಿ ಖುಷಿಪಡುತ್ತಾರೆ. ನನಗೆ ಹೊಟ್ಟೆ ಕಿವುಚುತ್ತದೆ. ಆ ಸಂಗೀತ ಬಂದದ್ದು ಆ ಕೂಗಾಟದಿಂದಲೇ ಅಂತ ನಾನು ಒಪ್ಪುವುದಿಲ್ಲ. ಕ್ಲೌಡಿಯೊ ಅಬ್ಬಾಡೊ ಕೂಡ ಇಟಲಿಯವರೇ, 1986ರಿಂದ ವಿಯೆನ್ನಾದ ಒಪೆರಾ ನೋಡಿಕೊಂಡವರು. ತಾಲೀಮಿನಲ್ಲಿ ಮೆಲ್ಲಗೆ ಮಾತಾಡಿಯೇ ಕೆಲಸ ಸಾಧಿಸುತ್ತಿದ್ದರು. ಬರೆದದ್ದನ್ನು ಬರೆದ ಹಾಗೇ ನುಡಿಸುವವರು ಎನ್ನುವ ಹೆಸರು ಟೊಸ್ಕನೀನಿಗೆ ಇದೆ. ಅದೂ ಪೂರ್ತಿ ನಿಜವಲ್ಲ. ಬೇಕೆನಿಸಿದ ಕಡೆ ಅವರು ಸ್ಕೋರ್ ತಿದ್ದಿದ್ದಾರೆ.

1920ರ ದಶಕದಲ್ಲಿ ಅವರು ಮತ್ತೆ ಲಾ ಸ್ಕಾಲಾದಲ್ಲಿದ್ದರು. ಪುಚೀನಿ ಪೂರ್ತಿ ಮಾಡದೆ ತೀರಿಕೊಂಡ ‘ತುರಾಂದೊ’ 1926ರ ಏಪ್ರಿಲ್ 25ರಂದು ಮೊದಲ ಸಲ ನಡೆಯಿತು. ಗೆಳೆಯನ ಕೈಬರಹ ಎಲ್ಲಿ ನಿಂತಿತ್ತೋ ಅಲ್ಲಿಗೆ ಕೋಲು ಇಳಿಸಿ, ಜನರ ಕಡೆ ತಿರುಗಿ ಎರಡು ಮಾತಾಡಿ, ಆ ರಾತ್ರಿ ಅಲ್ಲಿಗೇ ಮುಗಿಸಿದರು.

ಹೊರಗೆ ಹೋಗುವುದು ಆಮೇಲೆ ಬರೀ ವೃತ್ತಿಯ ವಿಷಯವಾಗಿ ಉಳಿಯಲಿಲ್ಲ. ಇಲ್ಲೊಂದು ಹುಳುಕು ಮುಚ್ಚಿಡಬಾರದು. 1919ರ ಚುನಾವಣೆಯಲ್ಲಿ ಮಿಲಾನ್‌ನಲ್ಲಿ ಮುಸೊಲಿನಿಯ ಫ್ಯಾಸಿಸ್ಟ್ ಪಟ್ಟಿಯಿಂದಲೇ ಟೊಸ್ಕನೀನಿ ನಿಂತಿದ್ದರು. ಸೋತರು. ಆಮೇಲೆ ಬೇಗ ಕಣ್ಣು ತೆರೆಯಿತು. ಥಿಯೇಟರಿನಲ್ಲಿ ಮುಸೊಲಿನಿಯ ಪಟ ಹಾಕಲು ಬಿಡಲಿಲ್ಲ. ಪಕ್ಷದ ಹಾಡು ‘ಜೊವಿನೆತ್ಸಾ’ ನುಡಿಸಲು ಒಪ್ಪಲಿಲ್ಲ. 1931ರ ಮೇ 14ರಂದು ಬೊಲೋನ್ಯಾ ಊರಿನ ಥಿಯೇಟರ್ ಬಾಗಿಲಲ್ಲಿ ಇದೇ ಕಾರಣಕ್ಕೆ ಕಪ್ಪಂಗಿಯ ಫ್ಯಾಸಿಸ್ಟರು ಕೆನ್ನೆಗೆ ಹೊಡೆದರು. ಅರವತ್ತನಾಲ್ಕರ ಮುದುಕರಿಗೆ. ಪಾಸ್‌ಪೋರ್ಟ್ ಕಿತ್ತುಕೊಂಡು ಕೆಲವು ದಿನ ಮನೆಯಲ್ಲೇ ಕೂಡಿಹಾಕಿದರು.

ಜರ್ಮನಿಯ ಬೈರಾಯ್ಟ್ ವಾಗ್ನರ್ ಭಕ್ತರ ಕಾಶಿ ಇದ್ದ ಹಾಗೆ. ಅಲ್ಲಿ ಕೋಲು ಹಿಡಿದ ಮೊದಲ ಹೊರಗಿನವರು ಟೊಸ್ಕನೀನಿ, 1930ರಲ್ಲಿ. ಸಂಭಾವನೆ ತೆಗೆದುಕೊಳ್ಳಲಿಲ್ಲ. 1933ರಲ್ಲಿ ಹಿಟ್ಲರ್ ಬಂದ. ಯಹೂದಿ ಸಂಗೀತಗಾರರನ್ನು ಕೆಲಸದಿಂದ ಕಿತ್ತದ್ದನ್ನು ಖಂಡಿಸಿದ ತಂತಿಗೆ ಟೊಸ್ಕನೀನಿ ಸಹಿ ಹಾಕಿದರು. ಬೈರಾಯ್ಟ್‌ಗೆ ಬನ್ನಿ ಅಂತ ಹಿಟ್ಲರನೇ ಪತ್ರ ಬರೆದ. ಹೋಗಲಿಲ್ಲ. ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಉತ್ಸವದಲ್ಲಿ 1935ರಿಂದ ಮೂರು ಬೇಸಿಗೆ ಒಪೆರಾ ನಡೆಸಿದರು. 1938ರಲ್ಲಿ ನಾಜಿಗಳು ಆಸ್ಟ್ರಿಯಾಕ್ಕೆ ಕಾಲಿಡುವ ಮೊದಲೇ ಅದನ್ನೂ ಬಿಟ್ಟರು. ಈ ನಡುವೆ, ಯುರೋಪಿನಿಂದ ಓಡಿಬಂದ ಯಹೂದಿ ವಾದಕರನ್ನು ಸೇರಿಸಿ ಪಿಟೀಲು ವಾದಕ ಹೂಬರ್‌ಮನ್ ಪ್ಯಾಲೆಸ್ಟೈನ್‌ನಲ್ಲಿ ಒಂದು ಆರ್ಕೆಸ್ಟ್ರಾ ಕಟ್ಟಿದ್ದರು. 1936ರ ಡಿಸೆಂಬರ್ 26ರಂದು ಟೆಲ್ ಅವಿವ್‌ನಲ್ಲಿ ಅದರ ಮೊದಲ ಕಛೇರಿ. ಟೊಸ್ಕನೀನಿ ತಮ್ಮ ಖರ್ಚಿನಲ್ಲಿ ಹೋಗಿ ನಡೆಸಿಕೊಟ್ಟರು. ಅದೇ ಇಂದಿನ ಇಸ್ರೇಲ್ ಫಿಲ್‌ಹಾರ್ಮೋನಿಕ್. ನಮ್ಮ ಜುಬಿನ್ ಮೆಹ್ತಾ ದಶಕಗಳ ಕಾಲ ಮುನ್ನಡೆಸಿದ್ದು ಅದನ್ನೇ.

ಎಪ್ಪತ್ತು ವಯಸ್ಸಾಯಿತು, ಇನ್ನು ವಿಶ್ರಾಂತಿ ಅಂತ ಎಲ್ಲರೂ ಅಂದುಕೊಂಡಾಗ ಅಮೆರಿಕದ ರೇಡಿಯೊ ಸಂಸ್ಥೆ ಎನ್‌ಬಿಸಿ ಅವರಿಗಾಗಿಯೇ ಒಂದು ಆರ್ಕೆಸ್ಟ್ರಾ ಕಟ್ಟಿತು. ಮೊದಲ ಸೀಸನ್‌ನ ಹತ್ತು ಕಛೇರಿಗೆ 40,000 ಡಾಲರ್, ತೆರಿಗೆ ಕಳೆದು ಕೈಗೆ. 1937ರ ಕ್ರಿಸ್‌ಮಸ್ ರಾತ್ರಿಯಿಂದ 1954ರ ಏಪ್ರಿಲ್ 4ರವರೆಗೆ ಅದು ನಡೆಯಿತು. ಹದಿನಾರು ವರ್ಷಕ್ಕೂ ಹೆಚ್ಚು! ಒಪೆರಾ ಥಿಯೇಟರ್ ಕಾಣದ ಊರಿನವರೂ ಮನೆಯ ರೇಡಿಯೊದಲ್ಲಿ ಇಡೀ ‘ಒಥೆಲೊ’, ‘ಫಾಲ್‌ಸ್ಟಾಫ್’ ಕೇಳಿದರು. 1949ರಲ್ಲಿ ಟಿವಿಯಲ್ಲೂ ಬಂತು. ಯಾವುದು ಅಂತ ನೀವೇ ಊಹಿಸಿ. ಹೌದು, ‘ಐದಾ’.

ನೀವು ಮೈಸೂರಿನವರು ಅಂದಿರಲ್ಲ, ಅದಕ್ಕೆ ಇದೊಂದು. 1952ರ ಶರತ್ಕಾಲದಲ್ಲಿ, ಎಂಬತ್ತೈದನೇ ವಯಸ್ಸಿನಲ್ಲಿ, ಟೊಸ್ಕನೀನಿ ಲಂಡನ್ನಿಗೆ ಬಂದು ಎರಡು ಸಂಜೆ ಜರ್ಮನ್ ಸಂಯೋಜಕ ಬ್ರಾಮ್ಸ್ ಸಂಗೀತ ನಡೆಸಿಕೊಟ್ಟರು. ನುಡಿಸಿದ್ದು ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ. ಯುದ್ಧ ಮುಗಿದ ವರ್ಷ ಹುಟ್ಟಿದ ಆ ಆರ್ಕೆಸ್ಟ್ರಾ ಕೈಯಲ್ಲಿ ಕಾಸಿಲ್ಲದೆ ಒದ್ದಾಡುತ್ತಿದ್ದಾಗ ನೆರವಿಗೆ ಬಂದವರು ನಿಮ್ಮ ಜಯಚಾಮರಾಜ ಒಡೆಯರ್. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರೇ. ರಷ್ಯಾದ ಸಂಯೋಜಕ ಮೆಟ್‌ನರ್ ಅವರ ಕೃತಿಗಳು ಧ್ವನಿಮುದ್ರಣವಾದದ್ದೂ ಮಹಾರಾಜರ ದುಡ್ಡಿನಿಂದ. ಮಗಳನ್ನು ಅರಮನೆ ಕಡೆ ಕರೆದುಕೊಂಡು ಹೋದಾಗ ಇದನ್ನೂ ಹೇಳಿ. ಅಂಬಾರಿ ಜೊತೆಗೆ ಇದೂ ಆ ಊರಿನದ್ದೇ.

ಈಗಿನ ದಾರಿ ಬೇರೆಯೇ ಅನ್ನಬಹುದು ನೀವು. ಅಷ್ಟೇನೂ ಬೇರೆಯಲ್ಲ. ಇಟಲಿಯಿಂದ ವಲಸೆ ಬಂದ ತಂದೆ ತಾಯಿಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಆಂಟೊನಿಯೊ ಪಪಾನೊ ಅವರನ್ನೇ ನೋಡಿ. ಚಿಕ್ಕಂದಿನಲ್ಲಿ ಅಪ್ಪ ಹಾಡು ಕಲಿಸುವಾಗ ಪಿಯಾನೊ ನುಡಿಸಿದರು. ಆಮೇಲೆ ಒಪೆರಾ ಥಿಯೇಟರಿನಲ್ಲಿ ಗಾಯಕರಿಗೆ ತಾಲೀಮು ಕೊಡುವ ಪಿಯಾನೊದವರಾದರು. ಆಮೇಲೆ ಓಸ್ಲೊ, ಬ್ರಸೆಲ್ಸ್. 2002ರಿಂದ 2024ರವರೆಗೆ ಕೊವೆಂಟ್ ಗಾರ್ಡನ್. ಹಡಗಿನ ಪಿಯಾನೊ ಮುಂದೆ ಕೂತ ಹುಡುಗ ಹಿಡಿದ ದಾರಿಯೇ ಇದು.

ಮಗಳಿಗೆ ಏನಾದರೂ ಕೇಳಿಸಬೇಕು ಅಂದರೆ 1946ರ ‘ಲಾ ಬೊಹೆಮ್’ ಹುಡುಕಿ. ಟುರಿನ್‌ನಲ್ಲಿ ಮೊದಲ ಸಲ ನಡೆಸಿ ಸರಿಯಾಗಿ ಐವತ್ತು ವರ್ಷ ಆದಾಗ ಟೊಸ್ಕನೀನಿ ಅದನ್ನು ನ್ಯೂಯಾರ್ಕ್ ರೇಡಿಯೊದಲ್ಲಿ ಮತ್ತೆ ನಡೆಸಿದರು. ಹಳೆಯ ಮುದ್ರಣ, ಆ ಸ್ಟುಡಿಯೊದ ಶಬ್ದವೂ ಒಣಒಣ. ಹೆಡ್‌ಫೋನ್ ಹಾಕಿ ಕೇಳಲು ಹೇಳಿ. ಗಾಯಕರ ಧ್ವನಿಯ ಕೆಳಗೆ ಇನ್ನೊಂದು ಧ್ವನಿ ಇದೆ. ಒಡಕು, ಗೊಗ್ಗರು, ಶ್ರುತಿಯೂ ಅಷ್ಟಕ್ಕಷ್ಟೇ. ಎಪ್ಪತ್ತೆಂಟರ ಮುದುಕರು ಕೋಲು ಆಡಿಸುತ್ತಾ ತಮಗೇ ಗೊತ್ತಿಲ್ಲದೆ ಜೊತೆಗೆ ಹಾಡಿಕೊಳ್ಳುತ್ತಿದ್ದಾರೆ. ಮೈಕು ಅದನ್ನೂ ಹಿಡಿದಿಟ್ಟಿದೆ.